ಬೆಕ್ಕಿನ ಟ್ರೇಗೆ ಬಿದ್ದ ಬಿಳಿ ಬೂದಿ

ಹರಿಹರದ ಮರುಳಸಿದ್ದಮ್ಮ ಹಣೆಗೆ ಹಚ್ಚುವ ವಿಭೂತಿಯನ್ನೇ ಬೆಕ್ಕಿನ ಹೇಲು ಮುಚ್ಚಲು ಮಾರುತ್ತಿದ್ದಳಂತೆ ಎಂಬ ಮಾತು ದಾವಣಗೆರೆಯಲ್ಲಿ ಪೂಜಾ ಸಾಮಾನು ಮಾರುವ ಒಂದು ಗ್ರಂಧಿಗೆ ಅಂಗಡಿಯಲ್ಲಿ ಹುಟ್ಟಿತು. ಎರಡು ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಬೆಳೆದು, ಬಸ್ಸು ಹತ್ತಿ ಹರಿಹರಕ್ಕೆ ಬಂದಿಳಿಯುವ ಹೊತ್ತಿಗೆ ಅದು ದಷ್ಟಪುಷ್ಟವಾಗಿತ್ತು. ಹೊರದೇಶದ ಕಂಪನಿಯೊಂದು ಅವಳಿಂದ ಚೀಲಗಟ್ಟಲೆ ವಿಭೂತಿ ಕೊಳ್ಳುತ್ತಿದೆ ಎಂದರು ಕೆಲವರು. ಆ ಬೂದಿ ತುಳಿದ ಬೆಕ್ಕು ಮೂರೇ ದಿನಕ್ಕೆ ಕುರುಡಾಯಿತು ಎಂದು ಇನ್ನು ಕೆಲವರು ಸೇರಿಸಿದರು. ಮುದುಕಿಗೆ ದೇವರ ಮೇಲೆ ಏನೋ ಮುನಿಸು, ಬೇಕೆಂದೇ ಮಾಡಿದ್ದಾಳೆ ಎಂದು ನಿಟ್ಟುಸಿರಿಟ್ಟವರೂ ಇದ್ದರು.

ಯಾವ ಬೆಕ್ಕೂ ಕುರುಡಾಗಲಿಲ್ಲ. ಹೊರದೇಶದ ಕಂಪನಿಯೂ ಇರಲಿಲ್ಲ. ಮರುಳಸಿದ್ದಮ್ಮ ಮುದುಕಿಯೂ ಅಲ್ಲ, ಅವಳಿಗಿನ್ನೂ ಐವತ್ತೆಂಟು. ವಿಭೂತಿಯ ಚೂರು ಬೆಕ್ಕಿನ ಟ್ರೇ ಸೇರಿದ್ದು ಮಾತ್ರ ನಿಜ. ಸೇರಿಸಿದ ಕೈ ಅವಳದಲ್ಲ. ಆದರೆ ನಾಲ್ಕು ಜನರೆದುರು ನಿಂತು ‘ತಪ್ಪು ನನ್ನದೇ’ ಎಂದವಳು ಅವಳೇ. ಈ ಎರಡು ಸಂಗತಿಗಳ ನಡುವೆ ಏನು ನಡೆಯಿತು ಎಂಬುದನ್ನು ಕ್ರಮವಾಗಿ ಹೇಳದ ಹೊರತು ಅವಳಿಗೆ ನ್ಯಾಯ ಸಲ್ಲುವುದಿಲ್ಲ.

ಮರುಳಸಿದ್ದಮ್ಮನ ಮನೆ ಹರಿಹರದಲ್ಲಿ, ಹೊಳೆಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ. ಮದುವೆಯಾಗಿ ಬಂದ ವರ್ಷವೇ ಅತ್ತೆಯಿಂದ ವಿಭೂತಿ ಮಾಡುವುದನ್ನು ಕಲಿತವಳು. ನಾಟಿ ಹಸುವಿನ ಸಗಣಿಯನ್ನು ಉಂಡೆ ಕಟ್ಟಿ ಒಣಗಿಸಬೇಕು, ಹಿತ್ತಲ ಗುಂಡಿಯಲ್ಲಿ ಪೇರಿಸಿ ಸುಡಬೇಕು. ಬಂದ ಬೂದಿಯನ್ನು ನೀರಿನಲ್ಲಿ ಕದಡಿ ಬಿಳಿ ಪಂಚೆಯಲ್ಲಿ ಮೂರು ಸಲ ಸೋಸಬೇಕು. ನೀರು ತಿಳಿಯಾಗಿ ತಳದಲ್ಲಿ ನಿಂತ ಬೆಣ್ಣೆಯಂಥ ಗಸಿಯನ್ನು ಅಂಗೈಯಲ್ಲಿ ಹದಮಾಡಿ ಗಟ್ಟಿ ಕಟ್ಟಬೇಕು. ಉಳಿದವರು ಅಚ್ಚಿಗೆ ಹಾಕಿ ತೆಗೆಯುತ್ತಾರೆ. ಮರುಳಸಿದ್ದಮ್ಮ ಕೈಯಲ್ಲೇ ಕಟ್ಟಿ, ನೆರಳಿನಲ್ಲಿ ಮುತ್ತುಗದ ಎಲೆಯ ಮೇಲೆ ಒಣಗಿಸುತ್ತಿದ್ದಳು. ಹಾಗಾಗಿ ಅವಳ ಪ್ರತಿ ಗಟ್ಟಿಯ ತಳದಲ್ಲೂ ಎಲೆಯ ನರಗಳು ಮೂಡಿರುತ್ತಿದ್ದವು. ಅದೇ ಅವಳ ಹೆಸರು, ಅದೇ ಅವಳ ರುಜು. ದಾವಣಗೆರೆಯಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿರುವ ಕೆಂಚವೀರಪ್ಪನವರ ಬಳಿ ಬರುವ ಮನೆತನಸ್ಥ ಹೆಂಗಸರು ಗಟ್ಟಿಯನ್ನು ಮಗುಚಿ ನೋಡಿ, ಎಲೆಯ ಗುರುತಿದ್ದರೆ ಮಾತ್ರ ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

ಒಣಗುವಾಗ ಕೆಲವು ಗಟ್ಟಿಗಳು ಬಿರುಕು ಬಿಡುತ್ತವೆ. ಒಡೆದದ್ದನ್ನು ಎಸೆಯುವಂತಿಲ್ಲ, ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ. ಒಂದು ಮಡಕೆಯಲ್ಲಿ ಕೂಡಿಟ್ಟು, ಮುಂದಿನ ಸಲದ ನೀರಿಗೆ ಹಾಕಿ ಮತ್ತೆ ಗಟ್ಟಿ ಕಟ್ಟುವುದು ಆ ಮನೆಯ ಪದ್ಧತಿ. ಅತ್ತೆ ಹೇಳಿಕೊಟ್ಟ ನಿಯಮಗಳಲ್ಲಿ ಮರುಳಸಿದ್ದಮ್ಮ ಒಂದು ದಿನವೂ ಮೀರದ ನಿಯಮ ಅದು.

ಗಂಡ ತೀರಿಕೊಂಡಾಗ ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಮನೆಯಲ್ಲಿದ್ದವಳು ಮೈದುನನ ಮಗಳು ನಯನಾ. ತಾಯಿಯನ್ನು ಕಳೆದುಕೊಂಡು ಎರಡನೆಯ ವಯಸ್ಸಿನಲ್ಲಿ ಬಂದ ಹುಡುಗಿ, ದೊಡ್ಡವ್ವನ ಮಗ್ಗುಲಲ್ಲೇ ಮಲಗಿ ಬೆಳೆದಳು. ಓದಿ, ಕೆಲಸ ಹಿಡಿದು, ದಾವಣಗೆರೆಯ ಆನೆಕೊಂಡದ ಕಡೆ ಒಂದು ಬಾಡಿಗೆ ಮನೆ ಮಾಡಿದಳು. ಅಲ್ಲಿ ಬೆಲ್ಲದ ಬಣ್ಣದ ಒಂದು ಬೆಕ್ಕನ್ನು ಸಾಕಿದಳು. ಅದರ ಹೆಸರೂ ಬೆಲ್ಲ.

ಬೆಕ್ಕು ನೋಡಲೆಂದೇ ದಾವಣಗೆರೆಗೆ ಹೋದ ಮರುಳಸಿದ್ದಮ್ಮ ಮೊದಲು ನೋಡಿದ್ದು ಬಚ್ಚಲ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಟ್ರೇಯನ್ನು. ಅದರ ತುಂಬ ಬೂದು ಬಣ್ಣದ ಸಣ್ಣ ಹರಳುಗಳಿದ್ದವು. ಬೆಕ್ಕು ಕೆರೆದಾಗಲೆಲ್ಲ ಸಿಮೆಂಟಿನಂಥ ಧೂಳು ಏಳುತ್ತಿತ್ತು, ನಯನಾ ಸೀನುತ್ತಿದ್ದಳು. ಅದು ಎಲ್ಲಿಯದು ಎಂದು ಕೇಳಿದರೆ, ಗುಜರಾತಿನಿಂದಲೋ ರಾಜಸ್ಥಾನದಿಂದಲೋ ಬರುವ ಜೇಡಿಮಣ್ಣು, ಆನ್‌ಲೈನಿನಲ್ಲಿ ತರಿಸುತ್ತೇನೆ, ಒದ್ದೆಯಾದರೆ ಉಂಡೆ ಕಟ್ಟುತ್ತದೆ, ಎತ್ತಿ ಬಿಸಾಡುವುದು ಸುಲಭ ಎಂದಳು ನಯನಾ. ಬಿಸಾಡಿದ ಮೇಲೆ ಅದು ಕರಗುವುದಿಲ್ಲ, ಕೊಳೆಯುವುದಿಲ್ಲ, ಬಚ್ಚಲಿಗೆ ಹೋದರೆ ಕಲ್ಲಾಗಿ ಕೂರುತ್ತದೆ ಎಂಬುದನ್ನೂ ಹೇಳಿದಳು.

ಮರುಳಸಿದ್ದಮ್ಮ ಟ್ರೇಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎರಡು ಹರಳನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಬೆಕ್ಕು ಉಚ್ಚೆ ಹೊಯ್ಯಾಕೆ ಗುಜರಾತಿನ ಮಣ್ಣು ಯಾಕ ಬೇಕವ್ವ? ನೀನು ಸಣ್ಣಾಕೆ ಇದ್ದಾಗ ಪಡಸಾಲಿ ತುಂಬ ಮಾಡ್ತಿದ್ದೆ. ಒಲಿ ಬೂದಿ ಚೆಲ್ಲಿ ಬಳಿದು ಹಾಕ್ತಿದ್ದೆ ನಾನು. ಯಾವ ಊರಿಂದಾನೂ ತರಿಸಿರಲಿಲ್ಲ.”

ನಯನಾ ನಕ್ಕಳು. ಆದರೆ ಅವಳೂ ಆ ಮಣ್ಣನ್ನು ಬಿಡಬೇಕೆಂದು ಹಲವು ತಿಂಗಳಿಂದ ಯೋಚಿಸುತ್ತಿದ್ದಳು. ಹೀಗೆ ಶುರುವಾಯಿತು ದೊಡ್ಡವ್ವ ಮತ್ತು ಮಗಳ ಹುಡುಕಾಟ.

ಮೊದಲು ತಂದದ್ದು ಅಕ್ಕಿ ಗಿರಣಿಯ ಹೊಟ್ಟು. ಹಗುರವಾದ ಆ ಹೊಟ್ಟನ್ನು ಬೆಲ್ಲ ಒಮ್ಮೆ ಕೆರೆದದ್ದೇ ತಡ, ಅದು ಹಾರಿ ಹಾಸಿಗೆಯವರೆಗೂ ಬಂತು. ಕಟ್ಟಿಗೆ ಅಡ್ಡೆಯಿಂದ ತಂದ ಮರದ ಹೊಟ್ಟು ಬೆಕ್ಕಿನ ಒದ್ದೆ ಪಾದಕ್ಕೆ ಮೆತ್ತಿಕೊಂಡು ಮನೆಯೆಲ್ಲ ರಂಗೋಲಿಯಾಯಿತು. ತೆಂಗಿನ ನಾರಿನ ಪುಡಿ ಮೃದುವಾಗಿತ್ತು, ವಾಸನೆಯನ್ನೂ ಹೀರುತ್ತಿತ್ತು, ಆದರೆ ಬೆಲ್ಲ ಅದನ್ನು ಹಾಸಿಗೆಯೆಂದು ತಿಳಿದು ಅದರಲ್ಲೇ ಮಲಗಿ, ಉಚ್ಚೆಗೆ ಸೋಫಾದ ಹಿಂದಕ್ಕೆ ಹೋಯಿತು. ನಾಲ್ಕನೆಯದು ಮಂಡಕ್ಕಿ ಹುರಿಯುವ ಮರಳು. ಅದನ್ನು ಕೊಟ್ಟವನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಆಸಿಮ್. ಉಪ್ಪುನೀರಿನ ಅಕ್ಕಿಯನ್ನು ವರ್ಷಗಟ್ಟಲೆ ಹುರಿದ ಮರಳಿನಲ್ಲಿ ಉಪ್ಪು ಕೂತಿತ್ತು. ಬೆಲ್ಲ ಬಂದ ಕೆಲಸ ಮರೆತು ತನ್ನ ಪಾದಗಳನ್ನು ನೆಕ್ಕುತ್ತ ಕೂತುಬಿಟ್ಟಿತು.

ಉತ್ತರ ಸಿಕ್ಕಿದ್ದು ಮೆಕ್ಕೆಜೋಳದ ದಿಂಡಿನಲ್ಲಿ. ಸುಗ್ಗಿ ಮುಗಿದ ಮೇಲೆ ಕಾಳು ಉದುರಿಸಿದ ದಿಂಡುಗಳು ಆ ಸೀಮೆಯ ಕಣಗಳಲ್ಲಿ ಗುಡ್ಡೆಗಟ್ಟಲೆ ಬಿದ್ದಿರುತ್ತವೆ. ಮರುಳಸಿದ್ದಮ್ಮ ಎರಡು ಚೀಲ ದಿಂಡು ತಂದು, ಹರಿಹರದಲ್ಲಿ ದನದ ಹಿಂಡಿ ಮಾಡುವ ಗಿರಣಿಗೆ ಹಾಕಿಸಿದಳು. ಇದು ಯಾವ ಎಮ್ಮೆಗೆ ಎಂದು ಗಿರಣಿಯವನು ಕೇಳಿದ್ದಕ್ಕೆ ಬೆಕ್ಕಿಗೆ ಎಂದಳು. ಅವನು ಮಷಿನ್ ನಿಲ್ಲಿಸಿ ಮತ್ತೊಮ್ಮೆ ಕೇಳಿದ. ಒಡೆದು ಬಂದ ನುಚ್ಚನ್ನು ಜರಡಿ ಹಿಡಿದು ಪುಡಿ ತೆಗೆದರೆ, ಉಪ್ಪಿಟ್ಟಿನ ರವೆಗಿಂತ ದಪ್ಪನೆಯ ಕಾಳು ಉಳಿಯಿತು. ಅದು ಧೂಳೆಬ್ಬಿಸಲಿಲ್ಲ, ಪಾದಕ್ಕೆ ಅಂಟಲಿಲ್ಲ. ನೀರನ್ನು ಹೀರಿಕೊಂಡಿತು. ವಾಸನೆಗೆ ಮಾತ್ರ ಬೂದಿಯೇ ಬೇಕಾಯಿತು. ಭಟ್ಟಿಯ ಒಲೆಗೆ ಆಸಿಮ್ ಭತ್ತದ ಹೊಟ್ಟನ್ನೇ ಉರಿಸುತ್ತಿದ್ದ. ಆ ಕಪ್ಪು ಬೂದಿಯನ್ನು ನೀರು ಚಿಮುಕಿಸಿ ಒಣಗಿಸಿ, ಟ್ರೇಯ ತಳಕ್ಕೆ ಒಂದು ಹಿಡಿ ಹರಡಿ, ಮೇಲೆ ನಾಲ್ಕು ಬೆರಳು ಎತ್ತರ ನುಚ್ಚು ಸುರಿದರು. ಬೆಲ್ಲ ಬಂದು ಮೂಸಿತು, ಕೆರೆಯಿತು, ಕೂತಿತು. ಇಬ್ಬರೂ ಬಚ್ಚಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು.

“ನಮ್ ಭಟ್ಟಿ ಮಂಡಕ್ಕಿ ತಿಂದು ಊರು ಬೆಳೀತು ಅಮ್ಮ,” ಎಂದಿದ್ದ ಆಸಿಮ್, ಬೂದಿ ತುಂಬಿಕೊಡುತ್ತ. “ಈಗ ಬೂದಿ ಬೆಕ್ಕಿನ ಪಾಲಿಗೆ ಬಂತು. ಪರವಾಗಿಲ್ಲ, ತಗೊಂಡು ಹೋಗ್ರಿ.”

ನಯನಾಳ ಗೆಳತಿಯರು ಕೇಳಿದರು, ಗೆಳತಿಯರ ಗೆಳತಿಯರು ಕೇಳಿದರು. ಒಂದೇ ವರ್ಷದಲ್ಲಿ ದಾವಣಗೆರೆಯ ಅಪಾರ್ಟ್‌ಮೆಂಟುಗಳಲ್ಲಿ ನಲವತ್ತು ಮನೆಗಳಿಗೆ ಹರಿಹರದ ಚೀಲ ಹೋಗತೊಡಗಿತು. ಚೀಲದ ತುಂಬ ದಿಂಡಿನ ನುಚ್ಚು, ಅದರೊಳಗೆ ಕಾಗದದ ಪೊಟ್ಟಣದಲ್ಲಿ ಬೂದಿ. ಬಳಸಿದ ಮೇಲೆ ಹೇಲನ್ನು ಬೇರೆ ಮಾಡಿ, ಉಳಿದದ್ದನ್ನು ಗುಂಡಿಗೆ ಹಾಕಿ ಕೊಳೆಸಿ ಹೂವಿನ ಗಿಡಕ್ಕೆ ಹಾಕಬಹುದು ಎಂದು ನಯನಾ ಚೀಟಿ ಬರೆದು ಅಂಟಿಸುತ್ತಿದ್ದಳು. ಶನಿವಾರ ಸಂಜೆ ಭಟ್ಟಿಯ ಬೂದಿ ಹೊತ್ತು ಬಸ್ಸಿಗೆ ಬಂದು ಭಾನುವಾರ ಸಂಜೆಯವರೆಗೆ ದೊಡ್ಡವ್ವನ ಜೊತೆ ಕೆಲಸ ಮಾಡಿ ಹೋಗುತ್ತಿದ್ದಳು. ಮಗಳು ವಾರಕ್ಕೊಮ್ಮೆ ಮನೆಗೆ ಬರುವಂತಾಯಿತಲ್ಲ ಎಂಬುದೇ ಮರುಳಸಿದ್ದಮ್ಮನಿಗೆ ಆ ವ್ಯಾಪಾರದ ಲಾಭ.

ಭಯವೂ ಇತ್ತು. ಮೊದಲ ದಿನವೇ ಅವಳು ನಯನಾಳನ್ನು ಕೂರಿಸಿಕೊಂಡು ಹೇಳಿದ್ದಳು. “ನೋಡವ್ವ, ನನ್ನ ಕೈದು ಹಣಿ ಮೇಲೆ ಹೋಗೋ ವಸ್ತು. ಒಂದು ಹರಳು ಆ ಕಡೆದು ಈ ಕಡೆ ಬಂದ್ರೆ, ಈ ಕಡೆದು ಆ ಕಡೆ ಹೋದ್ರೆ, ನನ್ನ ವಿಭೂತಿ ಯಾರೂ ಮುಟ್ಟಂಗಿಲ್ಲ. ಅಲ್ಲಿಗೆ ಮುಗೀತು ನನ್ನ ಬಾಳುವೆ.”

ಅದಕ್ಕೇ ಎರಡು ಕೆಲಸಗಳಿಗೂ ಬೇರೆ ಬೇರೆ ಜಾಗ. ವಿಭೂತಿಯದೆಲ್ಲ ಪಡಸಾಲೆಯಲ್ಲಿ, ಬೆಕ್ಕಿನದೆಲ್ಲ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಜರಡಿ ಬೇರೆ, ಮೊರ ಬೇರೆ, ಉಡುವ ಸೀರೆಯೂ ಬೇರೆ. ವಾರದ ಐದು ದಿನ ವಿಭೂತಿ, ಎರಡು ದಿನ ಬೆಕ್ಕು. ಸೋಮವಾರ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡ ಮೇಲಷ್ಟೇ ಅವಳು ಮತ್ತೆ ಮುತ್ತುಗದ ಎಲೆ ಮುಟ್ಟುತ್ತಿದ್ದಳು.

ಎರಡನೆಯ ವರ್ಷದ ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಡಾಕ್ಟರು ಆಪರೇಷನ್ ಎಂದರು. ಶಿವರಾತ್ರಿ ಮುಗಿಯಲಿ ಎಂದು ಅವಳು ಮುಂದೂಡಿದಳು. ಕಣ್ಣು ಮಂಜಾದರೂ ಕೈಗೆ ದಾರಿ ಗೊತ್ತಿತ್ತು. ಆ ಚಳಿಗಾಲದಲ್ಲಿ ಒಡೆದ ಚೂರಿನ ಮಡಕೆ ಎತ್ತಿ ನೋಡಿದರೆ ಅದು ಸದಾ ಹಗುರ. ಒಡೆದ ಗಟ್ಟಿಗಳು ಕಡಿಮೆಯಾಗಿವೆ ಎಂದುಕೊಂಡಳು. “ಈ ವರ್ಷ ಕೈ ಭಾಳ ಕುದುರೈತೆ ಕಣವ್ವ, ಒಡೆದಿದ್ದೇ ಇಲ್ಲ,” ಎಂದು ನಯನಾಳ ಮುಂದೆ ಹೇಳಿಕೊಂಡು ಹಿಗ್ಗಿದಳು ಕೂಡ. ನಯನಾ ಹೌದು ದೊಡ್ಡವ್ವ ಎಂದಳು.

ಶಿವರಾತ್ರಿ ಕಳೆದ ಎಂಟನೆಯ ದಿನ ಕೆಂಚವೀರಪ್ಪನವರ ಫೋನ್ ಬಂತು. ಎಂದೂ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದವರು. ಅವತ್ತು ಒಂದೇ ಮಾತು ಆಡಿದರು: ಅಂಗಡಿಗೆ ಬಂದು ಹೋಗಿ.

ಮರುಳಸಿದ್ದಮ್ಮ ನಯನಾಳನ್ನು ಜೊತೆಗೆ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಕೆಂಚವೀರಪ್ಪನವರಲ್ಲದೆ ಕಸ್ತೂರಮ್ಮ ಎಂಬ ಹೆಂಗಸು ಕೂತಿದ್ದರು. ಮೂವತ್ತು ವರ್ಷದಿಂದ ಮರುಳಸಿದ್ದಮ್ಮನ ವಿಭೂತಿಯನ್ನೇ ಧರಿಸಿ ಲಿಂಗಪೂಜೆಗೆ ಕೂರುವವರು. ಅವರ ಸೊಸೆ ಮನೆಯಲ್ಲಿ ಎರಡು ಬೆಕ್ಕು ಸಾಕಿದ್ದಳು. ಸೊಸೆ ಇಲ್ಲದ ಒಂದು ದಿನ ಟ್ರೇ ತೊಳೆದು ಹೊಸ ಚೀಲ ಬಿಚ್ಚುವ ಕೆಲಸ ಅತ್ತೆಯ ಪಾಲಿಗೆ ಬಂದಿತ್ತು. ಪೊಟ್ಟಣ ಒಡೆದರೆ ಬೂದಿ ಕಪ್ಪಗಿರಲಿಲ್ಲ, ಬೆಳ್ಳಗಿತ್ತು. ಅದರೊಳಗೆ ಹೆಬ್ಬೆರಳ ಗಾತ್ರದ ಒಂದು ಚೂರೂ ಇತ್ತು.

ಆ ಚೂರನ್ನು ಕೆಂಚವೀರಪ್ಪನವರು ಗಾಜಿನ ಕಪಾಟಿನ ಮೇಲೆ, ಒಂದು ವೀಳ್ಯದೆಲೆಯ ಮೇಲೆ ಇಟ್ಟಿದ್ದರು. ಗಿರಾಕಿಗಳಿಬ್ಬರು ಸಾಮಾನು ಕೇಳುವುದು ಬಿಟ್ಟು ನೋಡುತ್ತಿದ್ದರು.

“ಅಕ್ಕಾರೆ, ಕೂಡ್ರಿ,” ಎಂದರು ಕೆಂಚವೀರಪ್ಪ. ಅವಳು ಕೂರಲಿಲ್ಲ. “ನಾನು ಹೆಚ್ಚಿಗೆ ಏನೂ ಕೇಳಂಗಿಲ್ಲ. ಇದು ನಿಮ್ಮ ಕೈಯಿಂದು ಹೌದೋ ಅಲ್ಲೋ, ಅಷ್ಟು ಹೇಳ್ರಿ ಸಾಕು.”

ಮಂಜುಗಣ್ಣಿಗೆ ಅದು ಒಂದು ಬಿಳಿ ಚುಕ್ಕಿಯಾಗಿತ್ತು. ಅವಳು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ತಳ ಸವರಿದಳು. ನಡುವೆ ಒಂದು ದಪ್ಪ ನರ, ಅದರಿಂದ ಓರೆಯಾಗಿ ಹೊರಟ ಎರಡು ಸಣ್ಣ ನರಗಳು.

“ನಮ್ದೇ ರೀ.”

ಕಸ್ತೂರಮ್ಮ ಅಳುತ್ತಿದ್ದರು. ಬೈಗುಳ ಬಂದಿದ್ದರೆ ಮರುಳಸಿದ್ದಮ್ಮ ತಡೆದುಕೊಳ್ಳುತ್ತಿದ್ದಳೇನೋ. “ಬೆಳಿಗ್ಗೆ ಯಾವುದನ್ನ ಹಣಿಗೆ ಹಚ್ಚಿದೆನೋ ಅದನ್ನೇ ಬೆಕ್ಕಿನ ಕೆಳಗೆ ಹರಡೀನಲ್ಲ ತಾಯಿ,” ಎಂದರು ಅವರು. “ಹೆಂಗೆ ಬಂತು ಅದು ಅಲ್ಲಿಗೆ?”

ಹೇಗೆ ಬಂತು? ಮರುಳಸಿದ್ದಮ್ಮನ ಮನಸ್ಸು ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಓಡಾಡಿತು. ಪೊಟ್ಟಣ ಕಟ್ಟುವುದು ತಾನು ಮತ್ತು ನಯನಾ. ನಯನಾಳ ಕಣ್ಣು ಚುರುಕು. ಕಾಣದ ಕಣ್ಣು ತನ್ನದು. ಯಾವುದೋ ಒಂದು ಸಂಜೆ ಮಡಕೆಯನ್ನೋ ಮೊರವನ್ನೋ ತಪ್ಪಾಗಿ ಎತ್ತಿಕೊಂಡಿರಬೇಕು. ಬೇರೆ ಯಾವ ದಾರಿಯೂ ಅವಳಿಗೆ ಹೊಳೆಯಲಿಲ್ಲ. ಅವಳು ನಯನಾಳ ಕಡೆ ತಿರುಗಿದಳು. ಮುಖ ಸ್ಪಷ್ಟವಾಗಿ ಕಾಣಲಿಲ್ಲ.

ನಯನಾ ಮಾತಾಡಿದಳು. “ದೊಡ್ಡವ್ವಂಗೆ ಕಣ್ಣು ಪೂರ್ತಿ ಮಂಜಾಗಿದೆ ಅಂಕಲ್. ಆಪರೇಷನ್ ಮಾಡಿಸ್ಕೋ ಅಂತ ಹೇಳ್ತಾನೇ ಇದೀನಿ.”

ಆ ಮಾತು ಮರುಳಸಿದ್ದಮ್ಮನಿಗೆ ಆಸರೆಯಂತೆ ಕೇಳಿಸಿತು. ಮಗಳು ತನ್ನ ಪರವಾಗಿ ನಿಂತಿದ್ದಾಳೆ, ತಪ್ಪಿಗೊಂದು ಕಾರಣ ಹುಡುಕಿಕೊಟ್ಟು ಭಾರ ಇಳಿಸುತ್ತಿದ್ದಾಳೆ ಎನ್ನಿಸಿತು. ಅವಳು ಕೈ ಜೋಡಿಸಿ, ತಪ್ಪು ನನ್ನದೇ, ಈ ಹುಡುಗಿಯದು ಏನೂ ಇಲ್ಲ, ಇವಳಿಗೆ ಯಾರೂ ಒಂದು ಮಾತನ್ನೂ ಅನ್ನಬೇಡಿ ಎಂದು ಕೆಂಚವೀರಪ್ಪನವರಿಗೂ ಕಸ್ತೂರಮ್ಮನಿಗೂ ಹೇಳಿದಳು. ನಿಂತಿದ್ದ ಗಿರಾಕಿಗಳೂ ಕೇಳಿಸಿಕೊಂಡರು. ಆ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಬಿದ್ದಳು. ಹರಿಹರದಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಹೊಳೆಗೆ ಹೋಗಿ, ಅದನ್ನು ನೀರಿಗೆ ಬಿಟ್ಟು ಬಂದಳು. ನಯನಾ ದಾವಣಗೆರೆಯಲ್ಲೇ ಉಳಿದಳು, ಆಫೀಸಿದೆ ಎಂದು.

ಆ ವಾರವೇ ಕೆಂಚವೀರಪ್ಪನವರು ಉಳಿದಿದ್ದ ಗಟ್ಟಿಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಮರ್ಯಾದೆಯಿಂದಲೇ ಹಿಂದಕ್ಕೆ ಕಳಿಸಿದರು.

ಏಪ್ರಿಲಿನಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಮೇ ತಿಂಗಳಲ್ಲಿ ಇನ್ನೊಂದು. ಕಣ್ಣು ತಿಳಿಯಾದ ಮೇಲೆ ಅವಳಿಗೆ ಒಂದೇ ಹಂಬಲ. ಕೆಲಸವನ್ನು ಮತ್ತೆ ಮೊದಲಿನಂತೆ ಕಟ್ಟಬೇಕು, ಬೆಕ್ಕಿನದನ್ನು ಮನೆಯಿಂದಲೇ ಹೊರಗೆ ಹಾಕಬೇಕು, ಒಂದು ವರ್ಷವೋ ಎರಡು ವರ್ಷವೋ ನಡೆದು ತೋರಿಸಿದರೆ ಕಸ್ತೂರಮ್ಮನಂಥವರು ಮತ್ತೆ ಗಟ್ಟಿ ಮಗುಚಿ ನೋಡಿಯಾರು. ಬೆಕ್ಕಿನ ಕೆಲಸವನ್ನು ಆಸಿಮ್‌ನ ಭಟ್ಟಿಯ ಪಕ್ಕದ ಖಾಲಿ ಜಾಗಕ್ಕೆ ಸಾಗಿಸಬಹುದೇ ಎಂದು ಕೇಳಲು ಅವಳು ದಾವಣಗೆರೆಗೆ ಹೋದಳು.

ಭಟ್ಟಿಯ ಗೋಡೆ ಮೊದಲಿನಷ್ಟು ಕಪ್ಪಗಿರಲಿಲ್ಲ. ಹೊಟ್ಟಿನ ರಾಶಿ ಇದ್ದ ಕಡೆ ಸಿಲಿಂಡರುಗಳು ನಿಂತಿದ್ದವು. ಆಸಿಮ್ ಕುರ್ಚಿ ಒರೆಸಿ ಕೂರಿಸಿ, ಕಣ್ಣು ಹೇಗಿದೆ ಎಂದು ವಿಚಾರಿಸಿದ. ಬೂದಿಯ ಮಾತು ತೆಗೆದಾಗ ಅವನಿಗೆ ಆಶ್ಚರ್ಯವಾಯಿತು.

“ಬೂದಿ ಎಲ್ಲಿಂದ ತರಲಮ್ಮ? ಕ್ರಿಸ್ಮಸ್‌ಗೆ ಮುಂಚೇನೇ ಗ್ಯಾಸ್‌ಗೆ ಬದಲಾಯಿಸಿದ್ವಿ. ಹೊಟ್ಟು ಬಿಲ್ಕುಲ್ ಬಂದ್. ನಿಮ್ ನಯನಾಗೆ ಆವಾಗ್ಲೇ ಹೇಳಿದ್ನಲ್ಲ. ಬೇರೆ ಭಟ್ಟಿಯವರ ಹತ್ರ ಕೊಡಿಸಲಾ ಅಂದೆ. ಬ್ಯಾಡಣ್ಣ, ಮನೇಲೇ ಬೆಳ್ಳಗಿಂದು ಐತೆ, ಅದೇ ಚೆನ್ನಾಗೈತೆ ಅಂದ್ಲು.”

ಮರುಳಸಿದ್ದಮ್ಮ ಬೆರಳು ಮಡಚುತ್ತ ಕೂತಳು. ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಎಷ್ಟು ಶನಿವಾರಗಳು ಬಂದು ಹೋದವು ಎಂದು ಯೋಚಿಸಿದಳು. ಅಷ್ಟೂ ವಾರ ಪೊಟ್ಟಣಗಳು ಹೋಗಿದ್ದವು. ಅಷ್ಟೂ ವಾರ ಮಡಕೆ ಹಗುರವಾಗಿತ್ತು. ಕೈ ಕುದುರಿದೆ ಎಂದು ತಾನು ಹಿಗ್ಗಿದಾಗ, ಎದುರಿಗೆ ಕೂತು ಹೌದು ದೊಡ್ಡವ್ವ ಎಂದದ್ದು ಯಾರೆಂದು ನೆನಪಾಯಿತು. ಆಸಿಮ್ ತರಿಸಿದ ಚಹಾ ಆರಿತು. ಅವಳು ಎದ್ದು, ಬರ್ತೀನಪ್ಪ ಎಂದು ಆಟೋ ಹಿಡಿದಳು.

ನಯನಾ ಮನೆಯಲ್ಲಿದ್ದಳು. ಹಾಲಿನ ತುಂಬ ಹೊಸ ಚೀಲಗಳು, ಅದರ ಮೇಲೆ ಅಚ್ಚು ಹಾಕಿಸಿದ ಬೆಕ್ಕಿನ ಚಿತ್ರ. ನುಚ್ಚನ್ನು ಈಗ ಬೇರೆ ಕಡೆ ಒಡೆಸುತ್ತಿದ್ದಳು ಎಂಬುದು ಹೇಳದೆಯೇ ತಿಳಿಯುತ್ತಿತ್ತು. ಮರುಳಸಿದ್ದಮ್ಮ ಬಾಗಿಲಲ್ಲೇ ನಿಂತು, ಆಸಿಮ್‌ನನ್ನು ನೋಡಿ ಬಂದೆ ಎಂದಳು. ನಯನಾಳ ಕೈಯಲ್ಲಿದ್ದ ಅಂಟಿನ ಡಬ್ಬಿ ಮೇಜಿನ ಮೇಲೆ ಕೂತಿತು. ಆ ಮುಖ ಈಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

ನಯನಾ ಅಲ್ಲಗಳೆಯಲಿಲ್ಲ. ಮೊದಲ ವಾರ ಬೂದಿ ಸಿಗದೆ ಗಾಬರಿಯಾಗಿ ಮಡಕೆಯ ಚೂರು ಕುಟ್ಟಿ ಹಾಕಿದ್ದಾಗಿಯೂ, ಬಿಳಿ ಬೂದಿಯೇ ಚೆನ್ನಾಗಿದೆ, ವಾಸನೆ ಒಂದಿಷ್ಟೂ ಇಲ್ಲ ಎಂದು ಗಿರಾಕಿಗಳು ಹೇಳತೊಡಗಿದ ಮೇಲೆ ಬಿಡಲಾಗಲಿಲ್ಲವೆಂದೂ ಹೇಳಿದಳು. ಒಡೆದದ್ದನ್ನೇ ತೆಗೆದುಕೊಂಡೆ, ಒಳ್ಳೆಯ ಗಟ್ಟಿಯನ್ನು ಒಂದನ್ನೂ ಮುಟ್ಟಲಿಲ್ಲ ಎಂದಳು, ಅದೊಂದು ವಿನಾಯಿತಿ ಎಂಬಂತೆ.

“ಬೂದಿ ಬೂದಿನೇ ಅಲ್ವಾ ದೊಡ್ಡವ್ವ? ಅದು ಸಗಣಿ, ಇದು ಹೊಟ್ಟು. ಎರಡೂ ಸುಟ್ಟಿದ್ದೇ. ನಂಗೆ ಅಷ್ಟು ದೊಡ್ಡ ವಿಷಯ ಅನ್ನಿಸ್ಲಿಲ್ಲ.”

“ನಿಂಗೆ ಅನ್ನಿಸದಿದ್ರೆ ಬಿಡು. ನನಗೆ ಅದು ಏನು ಅಂತ ನಿಂಗೆ ಗೊತ್ತಿತ್ತು,” ಎಂದಳು ಮರುಳಸಿದ್ದಮ್ಮ. “ಮೊದಲ್ನೇ ದಿನಾನೇ ಕುಂದ್ರಿಸಿಕೊಂಡು ಹೇಳಿದ್ದೆ.”

ನಯನಾ ಒಂದು ಚೀಲವನ್ನು ಮಡಚಿ ಪಕ್ಕಕ್ಕಿಟ್ಟಳು.

“ಹೋಗ್ಲಿ, ಅದನ್ನ ನುಂಗ್ತೀನಿ. ಅವತ್ತು ಅಂಗಡ್ಯಾಗೆ ಯಾಕ ಬಾಯಿ ಬಿಡ್ಲಿಲ್ಲ? ಕಣ್ಣು ಮಂಜಾಗೈತೆ ಅಂತ ಯಾಕ ಅಂದೆ?”

ನಯನಾ ಉತ್ತರಿಸಿದಳು. ದನಿಯಲ್ಲಿ ಅಳು ಇರಲಿಲ್ಲ. ಕಚೇರಿಯಲ್ಲಿ ಲೆಕ್ಕ ಒಪ್ಪಿಸುವವರ ನಿಧಾನವಿತ್ತು. “ನೀನು ದೊಡ್ಡವಳು, ಕಣ್ಣು ಕಾಣಲ್ಲ ಅಂದ್ರೆ ಜನ ಕ್ಷಮಿಸ್ತಾರೆ ಅನ್ಕೊಂಡೆ. ನಂದು ಅಂತ ಗೊತ್ತಾಗಿದ್ರೆ ನಲವತ್ತು ಮನೇನೂ ಹೋಗ್ತಿತ್ತು. ಆಮೇಲೆ ನೀನೇ ತಪ್ಪು ನಂದು ಅಂದುಬಿಟ್ಟೆ. ಹಾಗೆ ಹೇಳು ಅಂತ ನಾನೇನ್ ಅಂದಿರಲಿಲ್ಲ.”

ಕೊನೆಯ ಮಾತನ್ನು ಮರುಳಸಿದ್ದಮ್ಮ ಮತ್ತೆ ಮತ್ತೆ ಮನಸ್ಸಿನಲ್ಲೇ ಹೊರಳಿಸಿ ನೋಡಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಯನಾ ಏನನ್ನೂ ಕೇಳಿರಲಿಲ್ಲ, ಯಾರ ಮೇಲೂ ಏನನ್ನೂ ಹೊರಿಸಿರಲಿಲ್ಲ. ದೊಡ್ಡವ್ವ ತಾನಾಗಿಯೇ ಹೊತ್ತುಕೊಳ್ಳುತ್ತಾಳೆ ಎಂದು ಗೊತ್ತಿದ್ದು, ಒಂದು ಮಾತಿನಿಂದ ದಾರಿ ತೋರಿಸಿ, ಪಕ್ಕಕ್ಕೆ ಸರಿದು ನಿಂತಿದ್ದಳು. ಇಪ್ಪತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದವಳಿಗೆ ಮಾತ್ರ ಗೊತ್ತಿರುವ ದಾರಿ ಅದು. ಹೊರಗಿನವರು ಮೋಸ ಮಾಡಬೇಕೆಂದರೆ ಮೊದಲು ದೊಡ್ಡವ್ವನ ದೌರ್ಬಲ್ಯ ಹುಡುಕಬೇಕಿತ್ತು. ಇವಳು ಆ ದೌರ್ಬಲ್ಯದ ತೊಡೆಯ ಮೇಲೇ ಬೆಳೆದವಳು.

ನಯನಾ ಒಳಗಿನಿಂದ ನೀರು ತಂದುಕೊಟ್ಟಳು. ಮರುಳಸಿದ್ದಮ್ಮ ಕುಡಿಯಲಿಲ್ಲ.

ಅಲ್ಲಿಂದ ನೇರ ಕೆಂಚವೀರಪ್ಪನವರ ಅಂಗಡಿಗೆ ನಡೆದಳು. ಗಿರಾಕಿಗಳು ಕರಗುವವರೆಗೆ ಕಾದು, ನಡೆದದ್ದನ್ನು ನಡೆದಂತೆ ಹೇಳಿದಳು. ಆಸಿಮ್ ಹೇಳಿದ್ದನ್ನೂ ನಯನಾ ಒಪ್ಪಿದ್ದನ್ನೂ ಬಿಡಲಿಲ್ಲ. ಕೆಂಚವೀರಪ್ಪನವರು ನಡುವೆ ಬಾಯಿ ಹಾಕದೆ ಕೇಳಿದರು. ಊದುಬತ್ತಿಯ ಕಟ್ಟುಗಳನ್ನು ಸರಿಪಡಿಸಿದರು.

“ಅಕ್ಕಾರೆ, ನಾನು ನಂಬ್ತೀನಿ,” ಎಂದರು. “ಕಣ್ಣು ಹೋದ್ರೂ ನಿಮ್ಮ ಕೈ ತಪ್ಪಂಗಿಲ್ಲ ಅಂತ ಅವತ್ತೂ ಅನ್ನಿಸಿತ್ತು ನಂಗೆ. ಆದ್ರೆ ನೀವೇ ಕೈ ಮುಗಿದು ಒಪ್ಪಿದ್ರಿ. ಇಲ್ಲಿದ್ದೋರೆಲ್ಲ ಕೇಳ್ಯಾರೆ, ಕೇಳಿದ್ದನ್ನ ಊರಿಗೆಲ್ಲ ಹೇಳ್ಯಾರೆ. ಈಗ ಮೂರು ತಿಂಗಳಾದ ಮೇಲೆ ನಾನಲ್ಲ, ನಾನು ಸಾಕಿದ ಹುಡುಗಿ ಅಂದ್ರೆ ಯಾರು ಕೇಳ್ತಾರ್ರಿ? ತನ್ನ ತಪ್ಪನ್ನ ತಬ್ಬಲಿ ಮೇಲೆ ಹಾಕ್ತಾಳೆ ಅಂತಾರೆ. ಅದು ಇದಕ್ಕಿಂತ ಕೆಟ್ಟ ಹೆಸರು.”

“ಕಸ್ತೂರಮ್ಮಾರಿಗೆ ಒಬ್ಬರಿಗಾದ್ರೂ ಹೇಳ್ರಿ.”

“ಹೇಳ್ತೀನಿ. ಆದ್ರೆ ಒಂದು ಮಾತು. ಯಾರು ಹಾಕಿದ್ರೂ ಬಂದಿದ್ದು ನಿಮ್ಮ ಮನಿಯಿಂದಾನೇ ಅಂತಾರೆ ಅವರು.”

ಕೆಂಚವೀರಪ್ಪನವರು ಹೇಳುತ್ತೇನೆಂದದ್ದನ್ನು ಹೇಳಿದರು. ಕಸ್ತೂರಮ್ಮ ಕೊಟ್ಟ ಉತ್ತರವೂ ಅದೇ ಆಗಿತ್ತು.

ಈಗ ಪರಿಸ್ಥಿತಿ ಹೀಗಿದೆ. ಮರುಳಸಿದ್ದಮ್ಮನ ವಿಭೂತಿ ದಾವಣಗೆರೆಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೆಂಚವೀರಪ್ಪನವರು ಅಚ್ಚಿನ ವಿಭೂತಿಯನ್ನು ಬೇರೆ ಕಡೆಯಿಂದ ತರಿಸುತ್ತಾರೆ. ತನಗೆ ಬೇಕಾದಷ್ಟನ್ನು ವರ್ಷಕ್ಕೊಮ್ಮೆ ಅವಳು ಮಾಡಿಕೊಳ್ಳುತ್ತಾಳೆ. ಉಳಿದ ದಿನಗಳಲ್ಲಿ ಹರಿಹರದ ಒಂದು ಖಾನಾವಳಿಗೆ ರೊಟ್ಟಿ ತಟ್ಟಲು ಹೋಗುತ್ತಾಳೆ. ಹಿತ್ತಲಿನ ತಗಡಿನ ಶೆಡ್ಡನ್ನು ಬಿಚ್ಚಿಸಿದ್ದಾಳೆ. ಮೆಕ್ಕೆಜೋಳದ ದಿಂಡಿನ ನುಚ್ಚು ನಯನಾಳ ಹೆಸರಿನಲ್ಲಿ ಈಗ ನೂರಕ್ಕೂ ಹೆಚ್ಚು ಮನೆಗಳಿಗೆ ಹೋಗುತ್ತಿದೆ. ಬೂದಿಯ ಬದಲು ಅದರಲ್ಲಿ ಅಂಗಡಿಯ ಅಡುಗೆ ಸೋಡಾ ಇರುತ್ತದೆ. ನಯನಾ ಹರಿಹರಕ್ಕೆ ಬರುವುದಿಲ್ಲ, ಮರುಳಸಿದ್ದಮ್ಮ ಕರೆಯುವುದಿಲ್ಲ. ಯಾರಾದರೂ ಕೇಳಿದರೆ, ಅವಳು ದಾವಣಗೆರೆಯಲ್ಲಿ ಚೆನ್ನಾಗಿದ್ದಾಳೆ ಎನ್ನುತ್ತಾಳೆ. ಅದು ನಿಜ.